ಮೊದಲ ವಾದ್ಯವೇ ಗಿಟಾರ್ ಆಗಲಿ

‘ಮೊದಲು ಎರಡು ವರ್ಷ ಕೀಬೋರ್ಡ್ ಕಲಿಯಲಿ, ಆಮೇಲೆ ಬೇಕಿದ್ದರೆ ಗಿಟಾರ್ ನೋಡೋಣ.’ ಮಗ ಅಥವಾ ಮಗಳು ಗಿಟಾರ್ ಬೇಕೆಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಬರುವ ಉತ್ತರ ಇದು. ಗಿಟಾರ್ ಕಷ್ಟ, ಬೆರಳು ನೋಯುತ್ತದೆ, ಸಂಗೀತ ಸ್ವಲ್ಪ ಗೊತ್ತಿದ್ದವರಿಗೆ ಮಾತ್ರ ಒಗ್ಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಬೆರಳು ನೋಯುವುದು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಯಾರೂ ಪಾಠ ಹೇಳಿಸಿಕೊಂಡಿಲ್ಲದ, ತಂಬೂರಿ, ಹಾರ್ಮೋನಿಯಂ ಯಾವುದೂ ಇಲ್ಲದ ಕುಟುಂಬದ ಮಗುವಿಗೆ ಮೊದಲ ವಾದ್ಯವಾಗಿ ಗಿಟಾರಿನಷ್ಟು ಉದಾರವಾದದ್ದು ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಅಂಥ ಕುಟುಂಬಗಳೇ ಹೆಚ್ಚಾಗಿರುವ ಬೆಂಗಳೂರಿನ ಲಗ್ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಲಗ್ಗೆರೆ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇದೆ. ತುಮಕೂರು, ಕುಣಿಗಲ್, ಮಾಗಡಿ, ಹಾಸನದ ಕಡೆಯಿಂದ ಬಂದು ಲೇತ್ ಮಷಿನ್, ಪ್ರೆಸ್, ಗಾರ್ಮೆಂಟ್ಸ್ ಕೆಲಸ ಹಿಡಿದವರು ಇಲ್ಲಿ ಬಾಡಿಗೆಗಿದ್ದು, ಕೆಲವರು ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡು ನೆಲೆಯಾದರು. ಮನೆ ಚಿಕ್ಕದು, ಪಕ್ಕದ ಮನೆಯ ಗೋಡೆ ಕೈಗೆಟುಕುವಷ್ಟು ಹತ್ತಿರ. ಇಂಥಲ್ಲಿ ಡ್ರಮ್ಸ್ ಇಡುವುದು ಅಸಾಧ್ಯ, ವೀಣೆಗೂ ಜಾಗ ಹೊಂದಿಸಬೇಕು. ಗಿಟಾರಾದರೆ ಬೀರುವಿನ ಪಕ್ಕ ಒರಗಿಕೊಂಡಿರುತ್ತದೆ. ವಿದ್ಯುತ್ ಬೇಡ, ಸ್ಟ್ಯಾಂಡ್ ಬೇಡ. ರಾತ್ರಿ ಪಾಳಿ ಮುಗಿಸಿ ಬಂದವರು ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೆಲ್ಲನೆ ನುಡಿಸಿದರೆ ಒಳಕೋಣೆಯಲ್ಲಿ ಮಲಗಿದವರಿಗೂ ಎಚ್ಚರವಾಗುವುದಿಲ್ಲ.

ಗಿಟಾರಿನ ಧ್ವನಿ ಈ ಭಾಗದ ಕಿವಿಗೆ ಹೊಸದೂ ಅಲ್ಲ. ಗಣೇಶನ ಪೆಂಡಾಲು, ಅಣ್ಣಮ್ಮ ದೇವಿ ಉತ್ಸವ, ನವೆಂಬರ್ ತಿಂಗಳಿಡೀ ಮುಗಿಯದ ರಾಜ್ಯೋತ್ಸವ, ಎಲ್ಲ ಕಡೆಯೂ ಆರ್ಕೆಸ್ಟ್ರಾ ಇರುತ್ತದೆ. ಕೀಬೋರ್ಡ್, ರಿದಂ ಪ್ಯಾಡಿನ ಪಕ್ಕದಲ್ಲಿ ಲೀಡ್ ಗಿಟಾರ್ ಮತ್ತು ಬೇಸ್ ಗಿಟಾರ್ ನಿಂತಿರುತ್ತವೆ. ಬೀದಿಯ ಬಹಳ ಮಕ್ಕಳು ಗಿಟಾರನ್ನು ಕಣ್ಣಾರೆ ಕಾಣುವುದು ಆ ವೇದಿಕೆಯ ಮುಂದೆ, ರಸ್ತೆಯಲ್ಲಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೂತು. ಅದಕ್ಕೂ ಮೊದಲು ಸಿನಿಮಾ ಇತ್ತು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಆ ಕಾಲದಲ್ಲಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿದವರು ಇಳಯರಾಜ. 1976ರ ‘ಅನ್ನಕ್ಕಿಳಿ’ಯಿಂದ ಅವರು ಸ್ವತಂತ್ರ ಸಂಗೀತ ನಿರ್ದೇಶಕರಾದರು. ಆಮೇಲೆ ಕನ್ನಡಕ್ಕೆ ಮರಳಿ ಬಂದಾಗ ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಹುಟ್ಟಿದವು. ‘ಪಲ್ಲವಿ ಅನುಪಲ್ಲವಿ’ಯ ಒಂದು ಪುಟ್ಟ ಸಂಗೀತದ ತುಣುಕು ಎಷ್ಟೋ ವರ್ಷಗಳ ನಂತರ ಮೊಬೈಲ್ ಕಂಪನಿಯೊಂದರ ಜಾಹೀರಾತಾಗಿ ದೇಶದ ಮನೆಮನೆಗೂ ತಲುಪಿತು. ಗಿಟಾರ್ ಹಿಡಿದ ಕನ್ನಡದ ಹುಡುಗರು ಇವತ್ತಿಗೂ ಆ ತುಣುಕನ್ನು ನುಡಿಸಲು ಆಸೆಪಡುತ್ತಾರೆ.

ಇನ್ನೊಂದು ಹೆಸರು ರಘು ದೀಕ್ಷಿತ್. ಭರತನಾಟ್ಯ ಕಲಿತ, ಮೈಕ್ರೊಬಯಾಲಜಿ ಓದಿದ ಮೈಸೂರಿನ ಹುಡುಗ ಕಾಲೇಜಿನಲ್ಲಿ ಗೆಳೆಯನೊಬ್ಬನೊಡನೆ ಪಂಥ ಕಟ್ಟಿ ಗಿಟಾರ್ ಹಿಡಿದ ಕಥೆಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಗಿಟಾರ್ ಕೊನೆಗೆ ಶಿಶುನಾಳ ಷರೀಫರ ತತ್ವಪದಗಳ ಜೊತೆಗೆ ಹೋಯಿತು. ಏಕತಾರಿ, ದಮ್ಮಡಿಯ ಆಸರೆಯಲ್ಲಿ ಬೆಳೆದ ಪದಗಳಿಗೆ ಆರು ತಂತಿಯೂ ಹೊಂದುತ್ತದೆ ಎಂಬುದನ್ನು ಒಂದು ಇಡೀ ಪೀಳಿಗೆ ಅವರಿಂದ ಕೇಳಿ ತಿಳಿಯಿತು.

ಇನ್ನು ವಾದ್ಯಕ್ಕೆ ಬರೋಣ. ಗಿಟಾರಿನ ತಂತಿಗಳನ್ನು ಕೆಳಗಿನಿಂದ, ಅಂದರೆ ತೆಳುವಾದದ್ದರಿಂದ ಎಣಿಸುತ್ತಾರೆ. ಎಲ್ಲಕ್ಕಿಂತ ದಪ್ಪನೆಯದು ಆರನೆಯದು. ಅದನ್ನು ‘ಸ’ ಎಂದಿಟ್ಟುಕೊಂಡರೆ ಐದನೆಯ ತಂತಿ ಅದರ ಶುದ್ಧ ಮಧ್ಯಮ. ಐದನೆಯದನ್ನು ‘ಸ’ ಎಂದರೆ ನಾಲ್ಕನೆಯದು ಅದರ ಮಧ್ಯಮ. ಹೀಗೇ ಸಾಗಿ, ಮೂರರಿಂದ ಎರಡಕ್ಕೆ ಹೋಗುವಾಗ ಮಾತ್ರ ಅಂತರ ಗಾಂಧಾರ, ಮತ್ತೆ ಎರಡರಿಂದ ಒಂದಕ್ಕೆ ಮಧ್ಯಮ. ಇದನ್ನು ಅರಿತರೆ ಫೋನಿನ ಟ್ಯೂನರ್ ಇಲ್ಲದೆಯೂ ಶ್ರುತಿ ಮಾಡಬಹುದು: ಆರನೆಯ ತಂತಿಯನ್ನು ಐದನೇ ಮನೆಯಲ್ಲಿ (ಎರಡು ಮೆಟ್ಟಿಲುಗಳ ನಡುವಿನ ಜಾಗವೇ ಮನೆ) ಒತ್ತಿದಾಗ ಬರುವ ಸ್ವರವೇ ಐದನೆಯ ತಂತಿಯ ಖಾಲಿ ಸ್ವರ. ಮೂರನೆಯ ತಂತಿಯಲ್ಲಿ ಮಾತ್ರ ನಾಲ್ಕನೇ ಮನೆ. ಟ್ಯೂನರ್ ಒಳ್ಳೆಯ ಸಾಧನವೇ, ಆದರೆ ದಿನಕ್ಕೊಮ್ಮೆ ಕಿವಿಯಿಂದ ಶ್ರುತಿ ಸೇರಿಸಿ ಆಮೇಲೆ ಟ್ಯೂನರಿನಲ್ಲಿ ಪರೀಕ್ಷಿಸುವ ಮಗು ಬೇಗ ಬೆಳೆಯುತ್ತದೆ.

ವೀಣೆ ನೋಡಿದವರಿಗೆ ಗಿಟಾರಿನ ಮೆಟ್ಟಿಲುಗಳು ಅಪರಿಚಿತವಲ್ಲ. ವೀಣೆಗೆ 24 ಮೆಟ್ಟಿಲು, ಸ್ಥಾಯಿಗೆ 12ರಂತೆ. ಗಿಟಾರಿನಲ್ಲೂ ಸ್ಥಾಯಿಗೆ 12. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ, ಕಿವಿಯನ್ನು ನಂಬಿ ಅವನ್ನು ಹೊಂದಿಸುವ ಮೇಳ ಕಟ್ಟುವ ಕೆಲಸವೇ ಒಂದು ವಿದ್ಯೆ. ಗಿಟಾರಿನಲ್ಲಿ ಲೋಹದ ಪಟ್ಟಿಗಳನ್ನು ಮರಕ್ಕೆ ಬಡಿದು ಕೂರಿಸಿಬಿಟ್ಟಿರುತ್ತಾರೆ, ಆಮೇಲೆ ಅಲುಗಿಸುವಂತಿಲ್ಲ. ಅವುಗಳ ಜಾಗ ಶುದ್ಧ ಲೆಕ್ಕ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಮೆಟ್ಟಿಲು ಎಲ್ಲಿ ಎಂದು ತಿಳಿಯುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. 650 ಮಿಲಿಮೀಟರ್ ತಂತಿಯಾದರೆ ಮೊದಲನೆಯದು ಸುಮಾರು 36.5 ಮಿ.ಮೀ.ಗೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ಕ್ಕೆ. ಅಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಕಿವಿಗೆ ಅಪಸ್ವರ ತಿಳಿಯುತ್ತದೆ. ವರ್ನಿಯರ್ ಹಿಡಿದು ಬದುಕುವ ಪೀಣ್ಯದ ಟರ್ನರ್‌ಗೆ, ಫಿಟ್ಟರ್‌ಗೆ ಈ ವಾದ್ಯ ಬಹಳ ಬೇಗ ಅರ್ಥವಾಗಬೇಕು ಎಂದು ನನಗೆ ಅನ್ನಿಸುವುದು ಅದಕ್ಕೇ.

ಆ ಅಳತೆಯ ಕೈಗೆ ಇನ್ನೊಂದು ಕೆಲಸವಿದೆ, ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾದ್ದೂ ಅದೇ. ಗಿಟಾರ್ ಕಲಿಯಲು ಶುರುಮಾಡಿ ಎರಡೇ ತಿಂಗಳಲ್ಲಿ ಬಿಟ್ಟವರು ಬಹಳ ಮಂದಿ. ‘ನನ್ನ ಬೆರಳಿಗೆ ಶಕ್ತಿ ಇಲ್ಲ’, ‘ನನ್ನ ಕೈ ಚಿಕ್ಕದು’ ಎಂದು ತಮ್ಮನ್ನೇ ದೂರಿಕೊಂಡು ಬಿಡುತ್ತಾರೆ. ಎಷ್ಟೋ ಸಲ ತಪ್ಪು ಬೆರಳಿನದಲ್ಲ, ತಂತಿಯ ಎತ್ತರದ್ದು. ಹನ್ನೆರಡನೇ ಮೆಟ್ಟಿಲ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ನೋಡಿ. ಮೆಟ್ಟಿಲಿನಿಂದ ಆರನೇ ತಂತಿಯ ತಳಕ್ಕೆ ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ನಾಲ್ಕು ದಾಟಿದ್ದರೆ ಅದರಲ್ಲಿ ಕಲಿಯಿರಿ ಎಂದು ಮಕ್ಕಳಿಗೆ ಹೇಳುವುದು ಅನ್ಯಾಯ. ಇದನ್ನು ಸರಿಪಡಿಸಬಹುದು. ತಂತಿಗಳು ಹಾದುಹೋಗುವ ಬಿಳಿ ಪಟ್ಟಿ, ಅಂದರೆ ಸ್ಯಾಡಲ್ ಅನ್ನು ಬಿಚ್ಚಿ, ಅದರ ತಳವನ್ನು ಮರಳುಕಾಗದದ ಮೇಲೆ ಸಮವಾಗಿ ಉಜ್ಜಬೇಕು. ಹನ್ನೆರಡನೇ ಮೆಟ್ಟಿಲಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲಿನಲ್ಲಿ ಎರಡು ಮಿಲಿಮೀಟರ್ ತೆಗೆಯಬೇಕು. ಹೆಚ್ಚು ತೆಗೆದರೆ ತಂತಿ ಮೆಟ್ಟಿಲಿಗೆ ತಾಗಿ ಗುಯ್ಗುಡುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಬೇಕು. ಐದಾರು ಸಾವಿರದ ಗಿಟಾರ್ ಹೀಗೆ ಹದವಾದರೆ, ಹದವಾಗದ ಹದಿನೈದು ಸಾವಿರದ್ದಕ್ಕಿಂತ ಕಲಿಯುವವರಿಗೆ ಉಪಕಾರಿ.

ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಎಳೆತ ಸೇರಿ ಸುಮಾರು 70 ಕೆ.ಜಿ. ಇರುತ್ತದೆ, ನೈಲಾನಿನದಾದರೆ ಅದರ ಅರ್ಧದಷ್ಟು. ಎಂಟು ಹತ್ತು ವರ್ಷದ ಮಗುವಿಗೆ ನೈಲಾನ್ ತಂತಿಯ, ಮುಕ್ಕಾಲು ಅಳತೆಯ ಗಿಟಾರೇ ಮೇಲು. ದೊಡ್ಡವರು ಭಾವಗೀತೆ, ಸಿನಿಮಾ ಹಾಡು ನುಡಿಸುವ ಆಸೆಯವರಾದರೆ ಸ್ಟೀಲ್ ತೆಗೆದುಕೊಳ್ಳಲಿ. ಮಹಡಿ ಮೇಲಿನ ಶೀಟಿನ ರೂಮಿನಲ್ಲಿ ಮಾತ್ರ ಗಿಟಾರ್ ಇಡಬೇಡಿ. ಏಪ್ರಿಲ್ ಬಿಸಿಗೆ ಅಂಟು ಸಡಿಲವಾಗುತ್ತದೆ, ಆ ಎಳೆತಕ್ಕೆ ಕತ್ತು ಬಾಗುತ್ತದೆ.

ಮೊದಲ ಮೂರು ವಾರ ಎಡಗೈ ಬೆರಳ ತುದಿ ಉರಿಯುತ್ತದೆ. ದಿನಕ್ಕೆ ಒಂದೇ ಸಲ ಎರಡು ಗಂಟೆ ಕೂರುವ ಬದಲು ಹತ್ತು ನಿಮಿಷದಂತೆ ಎರಡು ಮೂರು ಸಲ ಕೂತರೆ ಚರ್ಮ ಗಟ್ಟಿಯಾಗುತ್ತದೆ, ಉರಿ ನಿಲ್ಲುತ್ತದೆ. ಎಡಗೈ ಉಗುರು ಪೂರ್ತಿ ಕತ್ತರಿಸಿರಬೇಕು. ಮೊದಲ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಇ ಮೈನರ್ ಆಗಲಿ: ಐದನೆಯ ಮತ್ತು ನಾಲ್ಕನೆಯ ತಂತಿಗಳ ಎರಡನೇ ಮನೆಯಲ್ಲಿ ಎರಡೇ ಬೆರಳು, ಉಳಿದ ತಂತಿಗಳೆಲ್ಲ ಖಾಲಿ. ಮೊದಲ ದಿನವೇ ಆರು ತಂತಿಯೂ ಒಟ್ಟಿಗೆ ಮೊಳಗುತ್ತವೆ. ಪಿಟೀಲು ಕಲಿಯುವ ಮಗುವಿಗೆ ಇಂಥ ಮೊದಲ ದಿನ ಸಿಗುವುದಿಲ್ಲ. ನಂತರ ಜಿ, ಸಿ, ಡಿ. ಈ ನಾಲ್ಕರಲ್ಲಿ ಕಷ್ಟ ಇರುವುದು ಒಂದರಿಂದ ಇನ್ನೊಂದಕ್ಕೆ ಜಾರುವಾಗ. ಬಲಗೈ ನಿಲ್ಲಕೂಡದು, ಎಡಗೈ ತಡವಾಗಿ ಬಂದರೂ ಬರಲಿ. ತಾಳ ತಪ್ಪದೆ ತಪ್ಪು ಕಾರ್ಡ್ ನುಡಿಸುವವನು ತಿದ್ದಿಕೊಳ್ಳುತ್ತಾನೆ, ಸರಿ ಕಾರ್ಡಿಗಾಗಿ ತಾಳ ನಿಲ್ಲಿಸುವವನಿಗೆ ನಿಲ್ಲಿಸುವುದೇ ಅಭ್ಯಾಸವಾಗಿಬಿಡುತ್ತದೆ. ನಮ್ಮ ಸುಗಮ ಸಂಗೀತದ ಬಹುಪಾಲು ಹಾಡುಗಳು ಆರು ಮಾತ್ರೆಯ ದಾದ್ರಾ ಅಥವಾ ಎಂಟು ಮಾತ್ರೆಯ ಕೆಹರವಾದಲ್ಲಿವೆ. ಬಲಗೈಗೆ ಈ ಎರಡು ನಡೆ ಕೂತರೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಎಷ್ಟೋ ಹಾಡುಗಳಿಗೆ ದಾರಿ ತೆರೆಯಿತು.

ಇಲ್ಲಿಯೇ ಗಿಟಾರಿನ ಉದಾರತೆ ಇರುವುದು. ಕೊಳಲಿರಲಿ, ಪಿಟೀಲಿರಲಿ, ಹಾಡಿನ ಧಾಟಿಯನ್ನು ವಾದ್ಯವೇ ನುಡಿಸಬೇಕು, ಅಲ್ಲಿಗೆ ತಲುಪಲು ವರ್ಷಗಳು ಬೇಕು. ಗಿಟಾರಿನಲ್ಲಿ ಧಾಟಿಯನ್ನು ಕೊರಳು ನೋಡಿಕೊಳ್ಳುತ್ತದೆ, ಕೈ ಜೊತೆ ಕೊಟ್ಟರೆ ಸಾಕು. ಕೇಳಿ ಕೇಳಿ ಬಾಯಿಗೆ ಬಂದಿರುವ ಹಾಡನ್ನು ಮೂರನೇ ತಿಂಗಳಿಗೆ ತನ್ನದೇ ಪಕ್ಕವಾದ್ಯದೊಡನೆ ಹಾಡಬಹುದು. ಮನೆಯಲ್ಲಿ ಸಂಗೀತದ ಬಂಡವಾಳ ಇಲ್ಲದವರಿಗೂ ರೇಡಿಯೊ, ಸಿನಿಮಾ, ಶಾಲೆಯ ಪ್ರಾರ್ಥನೆಯಿಂದ ಬಂದ ಹಾಡಿನ ಬಂಡವಾಳ ಇದ್ದೇ ಇರುತ್ತದೆ. ಗಿಟಾರ್ ಅದನ್ನು ಮೊದಲ ದಿನದಿಂದಲೇ ಬಳಸಿಕೊಳ್ಳುತ್ತದೆ. ಹಾಗಾಗಿ ಮಕ್ಕಳಿಗೆ ಅರ್ಥವೇ ಆಗದ ಇಂಗ್ಲಿಷ್ ಹಾಡುಗಳಿಂದ ಪಾಠ ಶುರುಮಾಡುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಹಾಡಿನ ಧಾಟಿ ಮೊದಲೇ ಗೊತ್ತಿದ್ದರೆ ಕಾರ್ಡ್ ಎಲ್ಲಿ ಬದಲಾಗಬೇಕು ಎಂದು ಕಿವಿಯೇ ಹೇಳುತ್ತದೆ.

ಕರ್ನಾಟಕ ಸಂಗೀತದ ಪಾಠ ಸ್ವಲ್ಪ ಆಗಿದ್ದವರಿಗೆ ಇಲ್ಲಿ ಹಳೆಯ ಪರಿಚಯಗಳು ಸಿಗುತ್ತವೆ. ಮೇಜರ್ ಕಾರ್ಡ್ ಎಂದರೆ ಸ, ಅಂತರ ಗಾಂಧಾರ, ಪ. ಮೈನರ್ ಎಂದರೆ ಗಾಂಧಾರ ಸಾಧಾರಣಕ್ಕೆ ಇಳಿದದ್ದು. ಮೇಜರ್ ಸ್ಕೇಲ್ ಶಂಕರಾಭರಣದ ಸ್ವರಗಳು, ನ್ಯಾಚುರಲ್ ಮೈನರ್ ನಠಭೈರವಿಯವು. ಗಿಟಾರ್ ಕಲಿಯುವವರೆಲ್ಲ ನುಡಿಸುವ ಐದು ಸ್ವರದ ಮೇಜರ್ ಪೆಂಟಟೋನಿಕ್ ನಮ್ಮ ಮೋಹನ, ಮೈನರ್ ಪೆಂಟಟೋನಿಕ್ ಶುದ್ಧಧನ್ಯಾಸಿ. ಸ್ವರಗಳು ಒಂದೇ ಆದರೂ ರಾಗ ಒಂದೇ ಅಲ್ಲ, ಏಕೆಂದರೆ ರಾಗದ ಜೀವ ಗಮಕದಲ್ಲಿದೆ. ವೀಣೆಯ ಎತ್ತರದ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ತರುವ ಗಮಕ ಗಿಟಾರಿನಲ್ಲಿ ಅಷ್ಟು ಸುಲಭವಲ್ಲ. ಆದರೂ ತಮಿಳುನಾಡಿನ ಪ್ರಸನ್ನ ಅವರಂಥವರು ಗಿಟಾರಿನಲ್ಲೇ ಕೀರ್ತನೆಗಳನ್ನು ನುಡಿಸುತ್ತ ಬಂದಿದ್ದಾರೆ. ಹೊರಗಿನಿಂದ ಬಂದ ಪಿಟೀಲನ್ನು ಚೌಡಯ್ಯನವರು ಏಳು ತಂತಿಗೆ ಏರಿಸಿದರು, ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕಛೇರಿಗೆ ತಂದರು. ಗಿಟಾರಿನ ಮುಂದೆಯೂ ಆ ದಾರಿ ಇದೆ.

ಕಲಿಸುವ ಜಾಗಗಳ ಬಗ್ಗೆ ಒಂದು ಮಾತು. 1987ರಲ್ಲಿ ಅರುಣಾ ಸುಂದರಲಾಲ್ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರ್.ಟಿ. ನಗರದಲ್ಲಿದೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ರಾಕ್ ತಂಡದವರು ನಡೆಸುವ ಟಾಕಾಡೆಮಿಯೂ ಈ ಊರಿನದೇ. ಲಗ್ಗೆರೆಯಿಂದ ವಾರಕ್ಕೆರಡು ಸಂಜೆ ಬಸ್ಸು ಹತ್ತಿ ಅಷ್ಟು ದೂರ ಹೋಗಿ ಬರುವುದು ಎಲ್ಲರಿಂದಲೂ ಆಗದು. ನಮ್ಮ ಬಡಾವಣೆಗಳಲ್ಲಿ ಭರತನಾಟ್ಯ, ಡ್ರಾಯಿಂಗ್, ಕೀಬೋರ್ಡ್, ಗಿಟಾರ್ ಎಲ್ಲಕ್ಕೂ ಒಂದೇ ಬೋರ್ಡ್ ಹಾಕಿಕೊಂಡ ಮಹಡಿ ಮೇಲಿನ ತರಗತಿಗಳೇ ಹೆಚ್ಚಿನವರಿಗೆ ಗತಿ, ಅವುಗಳಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಸೇರುವ ಮೊದಲು ಒಂದು ಪಾಠ ಕೂತು ನೋಡಿ. ಮೇಷ್ಟ್ರು ಪ್ರತಿ ಮಗುವಿನ ಗಿಟಾರನ್ನು ಕೈಗೆ ತೆಗೆದುಕೊಂಡು ಶ್ರುತಿ ನೋಡುತ್ತಾರೆಯೇ, ಮಕ್ಕಳಿಂದ ಹಾಡಿಸುತ್ತಾರೆಯೇ ಎಂಬ ಎರಡು ಸಂಗತಿ ಸಾಕು. ಟ್ರಿನಿಟಿ, ರಾಕ್‌ಸ್ಕೂಲ್ ಗ್ರೇಡ್ ಪರೀಕ್ಷೆಗಳು ಕ್ರಮ ಕಲಿಸುತ್ತವೆ, ಆದರೆ ಮೊದಲ ವರ್ಷವೇ ಸರ್ಟಿಫಿಕೇಟಿನ ಮಾತು ಬೇಡ. ಗಿಟಾರ್ ಕೊಳ್ಳುವುದಕ್ಕೂ ಮೊದಲು ಮೇಷ್ಟ್ರನ್ನು ಹುಡುಕಿಕೊಂಡರೆ ಅಂಗಡಿಗೆ ಅವರನ್ನೇ ಕರೆದೊಯ್ಯಬಹುದು.

ಐದಾರನೇ ತಿಂಗಳಲ್ಲಿ ಎಫ್ ಕಾರ್ಡ್ ಬರುತ್ತದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕು. ಮೊದಮೊದಲು ಎರಡು ತಂತಿ ಸತ್ತಂತೆ ಕೇಳಿಸುತ್ತವೆ, ಮಣಿಕಟ್ಟು ದಣಿಯುತ್ತದೆ, ‘ಇನ್ನು ಸಾಕು’ ಎಂಬ ಮಾತು ಮನೆಯಲ್ಲಿ ಕೇಳಿಸುವುದೂ ಆಗಲೇ. ತೆಳುವಾದ ನಾಲ್ಕು ತಂತಿಗಳಷ್ಟೇ ಇರುವ ಚಿಕ್ಕ ಎಫ್ ನುಡಿಸಿಕೊಂಡು ಹಾಡು ಮುಂದುವರಿಸಬಹುದು, ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್, ಅಂದರೆ ಕ್ಯಾಪೊವನ್ನು ಎರಡನೇ ಮನೆಗೆ ಹಾಕಿದರೆ ಒತ್ತುವುದೂ ಹಗುರಾಗುತ್ತದೆ. ದಿನಕ್ಕೆ ಐದು ನಿಮಿಷ ಆ ಒಂದೇ ಕಾರ್ಡಿಗೆ ಕೊಟ್ಟರೆ ಕೆಲವು ವಾರಗಳಲ್ಲಿ ಆರೂ ತಂತಿ ಸ್ವಚ್ಛವಾಗಿ ನುಡಿಯುತ್ತವೆ. ಆ ವಾರಗಳಲ್ಲಿ ತರಗತಿ ತಪ್ಪದಂತೆ ಮಗುವನ್ನು ಕಳಿಸಿಕೊಡುವ ಕೆಲಸ ಮಾತ್ರ ಮನೆಯವರದು.