ಕವಚ ಕಳಚುವ ಹೊತ್ತು

ಬಳ್ಳಾರಿ ಕಂಟೋನ್ಮೆಂಟ್‌ನ ಹಳೇ ಕಲ್ಲಿನ ಕಾಂಪೌಂಡಿನ ಸಂದಿಯಲ್ಲೋ ಕುರುಗೋಡಿನ ಗುಡ್ಡದ ಬಂಡೆಯಡಿಯಲ್ಲೋ ಅವಿತ ಚೇಳು ಹಗಲು ಹೊತ್ತು ಕಣ್ಣಿಗೆ ಬೀಳುವುದು ಕಡಿಮೆ. ರಾತ್ರಿ ಹೊರಬಂದಾಗ ಅತಿನೇರಳೆ ಟಾರ್ಚ್ ಬಿಟ್ಟರೆ ಹಸಿರು ಬೆರೆತ ನೀಲಿ ಬಣ್ಣದಲ್ಲಿ ಹೊಳೆಯುತ್ತದೆ. ಹೊಳಪು ಇರುವುದು ಅದರ ಹೊರಕವಚದಲ್ಲಿ. ಈ ಹೊಳಪಿನಿಂದ ಚೇಳಿಗೇನು ಲಾಭ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಕವಚದ ಲಾಭ ಮಾತ್ರ ಸ್ಪಷ್ಟ. ಚೇಳಿಗೆ ಒಳಗೆ ಎಲುಬಿಲ್ಲ. ಹೆಚ್ಚಿನ ಸ್ನಾಯುಗಳು ಈ ಚಿಪ್ಪಿನ ಒಳಮೈಗೇ ಅಂಟಿಕೊಂಡಿವೆ. ಚಿಪ್ಪಿನ ಮೂಲವಸ್ತು ಕೈಟಿನ್, ಅದನ್ನು ಗಟ್ಟಿ ಮಾಡುವುದು ಪ್ರೋಟೀನು. ತೀರಾ ಮೇಲೆ ತೆಳ್ಳನೆಯ ಮೇಣದ ಪದರ. ಮೈನೀರು ಆರದಂತೆ ಆ ಮೇಣ ತಡೆಯುವುದರಿಂದಲೇ ಬಳ್ಳಾರಿಯ ಬೇಸಿಗೆಯನ್ನೂ ಚೇಳು ಜೀರ್ಣಿಸಿಕೊಳ್ಳುತ್ತದೆ. ಕೀಟ, ಜೇಡ, ಸೀಗಡಿ, ಜರಿ, ಏಡಿ ಎಲ್ಲವೂ ಕವಚ ಹೊತ್ತ ಇದೇ ಕುಲ. ಹೆಸರಿಟ್ಟ ಪ್ರಾಣಿಪ್ರಭೇದಗಳಲ್ಲಿ ಪ್ರತಿ 10ಕ್ಕೆ ಸುಮಾರು 8 ಇವೇ.

ಆದರೆ ಗಟ್ಟಿಯಾದ ಕವಚ ಬೆಳೆಯದು. ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಚೇಳಿನ ಕವಚ ಮುಂಭಾಗದಲ್ಲಿ ಸೀಳುತ್ತದೆ, ಚೇಳು ಅಲ್ಲಿಂದ ಈಚೆ ಬರುತ್ತದೆ. ಏಡಿ ಹಿಂಭಾಗದಿಂದ ನುಸುಳುತ್ತದೆ. ಹೊಸ ಚರ್ಮ ಮೆತ್ತಗಿರುವಷ್ಟು ಹೊತ್ತು ಚೇಳು ಟಾರ್ಚಿಗೆ ಸರಿಯಾಗಿ ಹೊಳೆಯುವುದೂ ಇಲ್ಲ. ಸಿರುಗುಪ್ಪದ ಗದ್ದೆಬದುವಿನ ಏಡಿ ಆ ಸಮಯದಲ್ಲಿ ಬಿಲ ಬಿಟ್ಟು ಬಂದರೆ ಬೆಳ್ಳಕ್ಕಿಗೆ ಸುಲಭದ ತುತ್ತು. ಚಿಪ್ಪು ಗಟ್ಟಿಯಾಗಲು ಅದಕ್ಕೆ ಸುಣ್ಣದ ಅಂಶ ಬೇಕು. ಕಳಚಿದ ಚಿಪ್ಪನ್ನು ತಾನೇ ತಿನ್ನುವ ಏಡಿಗಳೂ ಇವೆ. ದುಡ್ಡು ಪೋಲು ಮಾಡದ ಪ್ರಾಣಿ!

ಕವಚ ಕಳಚುವಾಗಿನ ಈ ದೌರ್ಬಲ್ಯವನ್ನು ರಸಾಯನ ವಿಜ್ಞಾನ ಚೆನ್ನಾಗಿಯೇ ಬಳಸಿಕೊಂಡಿದೆ. ತುಂಗಭದ್ರಾ ಕಾಲುವೆಯ ಭತ್ತವನ್ನು ಕಾಡುವ ಕಂದು ಜಿಗಿಹುಳು, ಮರಿಯಿಂದ ಪ್ರೌಢವಾಗುವಷ್ಟರಲ್ಲಿ 5 ಸಲ ಪೊರೆ ಕಳಚುತ್ತದೆ. ಬುಪ್ರೊಫೆಜಿನ್ ಎಂಬ ಔಷಧಿ ಕೈಟಿನ್ ತಯಾರಾಗುವುದನ್ನೇ ತಡೆಯುತ್ತದೆ. ಹಳೆಯ ಪೊರೆ ಬಿಡಲು ಹೋದ ಮರಿ, ಹೊಸದು ಸರಿಯಾಗಿ ಮೂಡದೆ ಸಾಯುತ್ತದೆ. ಹಾಗಾಗಿ ಹೊಡೆದ ಕೂಡಲೇ ಹುಳು ಉದುರುವುದಿಲ್ಲ. ಔಷಧಿ ಕೆಲಸ ಮಾಡಲಿಲ್ಲವೆಂದು ಮರುದಿನವೇ ಇನ್ನೊಂದು ಡಬ್ಬಿ ತರುವುದು ದುಡುಕು.

ರೆಕ್ಕೆ ಬಲಿತ ಹುಳು ಮತ್ತೆ ಪೊರೆ ಕಳಚುವುದಿಲ್ಲ, ಹಾಗಾಗಿ ಈ ಔಷಧಿ ಅದನ್ನು ಕೊಲ್ಲಲಾರದು. ಪೈರಿನ ಬುಡ ಬಗ್ಗಿಸಿ ನೋಡಿ: ಮರಿಗಳಿದ್ದಾಗಲೇ, ಬುಡಕ್ಕೆ ತಾಗುವಂತೆ ಹೊಡೆಯಬೇಕು.