ಫೈಬರ್ ದೋಣಿಯೊಳಗೆ ಫೋಮ್ ತುಂಬಿದರೆ ಗಟ್ಟಿಯಾಗುತ್ತದೆಯೇ?

ಬಿರುಕು ಬಿಟ್ಟ ಫೈಬರ್ ದೋಣಿಯೊಳಗೆ ಫೋಮ್ ಸುರಿದರೆ ಸಾಕು, ಕಲ್ಲಿನಂತಾಗುತ್ತದೆ ಎಂಬ ನಂಬಿಕೆ ಇದೆ. ಸಮುದ್ರದಲ್ಲಿ ನಿಂತು ಓಡಿಸುವ ಜೆಟ್ ಸ್ಕೀ ಆಗಲಿ, ತುಂಗಭದ್ರೆಯ ಫೈಬರ್ ಹರಿಗೋಲು ಆಗಲಿ, ಈ ಮಾತು ಅರ್ಧ ಮಾತ್ರ ನಿಜ.

ಉಳಿದರ್ಧ ನಮ್ಮ ಜೋಳದ ಹೊಲದಲ್ಲಿದೆ. ಬೆಳ್ಳಟ್ಟಿ, ಶಿರಹಟ್ಟಿ ಕಡೆಯ ಮಕ್ಕಳು ಒಣಗಿದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿನಿಂದ ಚಕ್ಕಡಿ ಮಾಡಿ ಆಡುವುದುಂಟು. ಬರೀ ಬೆಂಡನ್ನು ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಬರೀ ಸಿಪ್ಪೆ ಬಳುಕುತ್ತದೆ. ಎರಡೂ ಅಂಟಿಕೊಂಡಿರುವ ದಂಟು ಮಾತ್ರ ಆಳೆತ್ತರ ಬೆಳೆದು, ತೆನೆ ಹೊತ್ತು, ಗಾಳಿಗೆ ನಿಲ್ಲುತ್ತದೆ.

ದೋಣಿಯಲ್ಲೂ ಲೆಕ್ಕ ಅದೇ. 4 ಮಿ.ಮೀ. ದಪ್ಪದ ಫೈಬರ್‌ಗ್ಲಾಸ್ ಹಲಗೆಯನ್ನು ತಲಾ 2 ಮಿ.ಮೀ.ನ ಎರಡು ಪದರವಾಗಿಸಿ, ನಡುವೆ 4 ಮಿ.ಮೀ. ಗಟ್ಟಿ ಫೋಮ್ ಇಟ್ಟು ಅಂಟಿಸಿದರೆ, ಅದರ ಬಿಗಿತ ಸುಮಾರು 7 ಪಟ್ಟು ಹೆಚ್ಚುತ್ತದೆ. ಬಾಗುವ ಬಲವನ್ನು ತಡೆಯುವುದು ಗಾಜಿನ ನೂಲು. ಮೇಲಿನ ಮತ್ತು ಕೆಳಗಿನ ಪದರ ಒಂದರಿಂದೊಂದು ಜಾರದಂತೆ, ದೂರ ಇರುವಂತೆ ಹಿಡಿಯುವುದಷ್ಟೇ ಫೋಮಿನ ಕೆಲಸ. ಅಂಟು ಬಿಟ್ಟರೆ ಆಟ ಮುಗಿಯಿತು. ಜೆಟ್ ಸ್ಕೀಯಲ್ಲಿ ಸವಾರ ನಿಲ್ಲುವ ಜಾಗದ ಮೇಲೆ ಮೇಲಿಂದ ಕಾಲಿನ ಪೆಟ್ಟು, ತಳಕ್ಕೆ ಅಲೆಯ ಪೆಟ್ಟು. ಹಾಗಾಗಿ ಅಲ್ಲಿ ಬೇಕಾದದ್ದು ಒಳಗಿನಿಂದ ಗ್ಲಾಸ್ ಪದರ. ಹಳೆಯ ಬಣ್ಣ, ಮೇಣ, ಎಣ್ಣೆ ಎಲ್ಲ ಹೋಗುವಂತೆ ಉಜ್ಜಿ, ಪೂರ್ತಿ ಒಣಗಿಸಿಯೇ ಅಂಟಿಸಬೇಕು. ನಮ್ಮ ಪ್ರಕಾರ ಈ ಕೆಲಸದಲ್ಲಿ ಉಜ್ಜುವುದೇ ಮುಕ್ಕಾಲು ಪಾಲು. ರಾಳ ಹೆಚ್ಚು ಸುರಿದಷ್ಟೂ ಗಟ್ಟಿ ಎನ್ನುವುದೂ ತಪ್ಪು. ನೂಲಿಲ್ಲದ ರಾಳ ಪೆಡಸು, ಬೇಗ ಸೀಳುತ್ತದೆ.

ಹಾಗಾದರೆ ದೋಣಿಯ ಟೊಳ್ಳಿನಲ್ಲಿ ಫೋಮ್ ಏಕೆ? ತೇಲಲಿಕ್ಕೆ. ಬಿದಿರಿನ ಹರಿಗೋಲಿಗೆ ನೀರು ತುಂಬಿದರೂ ಬಿದಿರು ತೇಲುತ್ತದೆ. ಫೈಬರ್‌ಗ್ಲಾಸ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ; ನೀರು ತುಂಬಿದರೆ ನೇರ ತಳಕ್ಕೆ. ಹಗುರ ಪಾಲಿಯುರೆಥೇನ್ ಫೋಮ್ ಲೀಟರಿಗೆ ಸುಮಾರು 32 ಗ್ರಾಂ ತೂಗುತ್ತದೆ. 50 ಲೀಟರ್ ಫೋಮ್ ಇದ್ದರೆ ಸುಮಾರು 48 ಕೆ.ಜಿ. ಭಾರವನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತದೆ. ಮಗುಚಿದ ದೋಣಿಯನ್ನು ಹಿಡಿದುಕೊಂಡವರಿಗೆ ಇದು ಸಣ್ಣ ಮಾತಲ್ಲ.

ಎಲ್ಲ ಫೋಮೂ ನಡೆಯುವುದಿಲ್ಲ. ಹಾಸಿಗೆಯ ಸ್ಪಂಜು ನೀರು ಹೀರುತ್ತದೆ. ಥರ್ಮಾಕೋಲ್ ಮೇಲೆ ಪಾಲಿಯೆಸ್ಟರ್ ರಾಳ ಹಚ್ಚಿದರೆ ಅದರಲ್ಲಿರುವ ಸ್ಟೈರೀನ್‌ಗೆ ಥರ್ಮಾಕೋಲ್ ಕರಗಿಹೋಗುತ್ತದೆ; ಎಪಾಕ್ಸಿಗೆ ಕರಗುವುದಿಲ್ಲ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಪಾಲಿಯೆಸ್ಟರ್ ರಾಳದ ಜೊತೆ ಎರಡು ಬಾಟಲಿ ಕೊಡುವುದುಂಟು: ನೇರಳೆ ಬಣ್ಣದ ಕೋಬಾಲ್ಟ್ ಮತ್ತು ನೀರಿನಂಥ ಹಾರ್ಡನರ್. ಇವೆರಡನ್ನು ನೇರವಾಗಿ ಎಂದಿಗೂ ಬೆರೆಸಬೇಡಿ, ಬೆಂಕಿ ಹತ್ತಬಹುದು, ಸ್ಫೋಟಿಸಲೂಬಹುದು. ಮೊದಲು ಕೋಬಾಲ್ಟನ್ನು ರಾಳದಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಹಾಕಬೇಕು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು; ಕನ್ನಡಕ ಬೇಕು. ಗಾಜಿನ ದೂಳಿಗೆ ಮಾಸ್ಕ್.

ಹಳೆಯ ದೋಣಿಯಾದರೆ ಮೊದಲು ತೂಕ ಮಾಡಿಸಿ. ಮೊದಲಿಗಿಂತ ಗಮನಾರ್ಹವಾಗಿ ಭಾರವಾಗಿದ್ದರೆ ಒಳಗಿನ ಫೋಮ್ ನೀರು ಕುಡಿದಿರಬಹುದು. ಅದರ ಮೇಲೆಯೇ ಗ್ಲಾಸ್ ಹಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಒದ್ದೆಯಾದಷ್ಟನ್ನು ಕತ್ತರಿಸಿ ತೆಗೆದು, ಒಣಗಿಸಿ, ಹೊಸದನ್ನು ತುಂಬಬೇಕು.