ಆಪತ್ಕಾಲದಲ್ಲಿ ಮನಸ್ಸಿಗೆ ಆಸರೆ

ಸಂಸ್ಕೃತದಲ್ಲಿ ‘ಶ್ವಸ್’ ಎಂಬ ಧಾತುವಿಗೆ ಉಸಿರಾಡುವದೆಂದು ಅರ್ಥ. ಅದರಿಂದಲೇ ‘ಆಶ್ವಾಸನ’ ಎಂಬ ಶಬ್ದವು ಹುಟ್ಟಿತು. ಭಯದಿಂದಾಗಲಿ ದುಃಖದಿಂದಾಗಲಿ ಉಸಿರು ಕಟ್ಟಿದವನಿಗೆ ಆ ಉಸಿರು ತಿರುಗಿ ಬರುವಂತೆ ಮಾಡುವದೇ ಆಶ್ವಾಸನವು. ಒಬ್ಬರನ್ನು ನೆಚ್ಚಿ ನಿರಾತಂಕವಾಗಿ ಉಸಿರಾಡುವದಕ್ಕೆ ‘ವಿಶ್ವಾಸ’ವೆಂದು ಹೆಸರು, ಅದೂ ಇದೇ ಧಾತುವಿನ ಕೂಸು. ಈಚೆಗೆ ಆಶ್ವಾಸನೆಯೆಂದರೆ ಸಭೆಯಲ್ಲಿ ಕೊಟ್ಟು ಮರುದಿನ ಮರೆಯುವ ಮಾತೆಂದು ಜನರು ತಿಳಿಯುವಂತಾಗಿರುವದು ಶಬ್ದದ ದೋಷವಲ್ಲ. ನೆರೆ, ಬರ, ರೋಗ ಮುಂತಾದ ಆಪತ್ತುಗಳು ಒದಗಿದಾಗ ಮನುಷ್ಯನ ಮನಸ್ಸಿಗೆ ಉಸಿರು ಹೇಗೆ ತಿರುಗಿ ಬರುವದು, ಮನೆಯವರೂ ನೆರೆಯವರೂ ಅದಕ್ಕಾಗಿ ಏನು ಮಾಡತಕ್ಕದ್ದು ಎಂಬದನ್ನು ನಮ್ಮ ಜಿಲ್ಲೆಯ ಅನುಭವವನ್ನೇ ಮುಂದಿಟ್ಟುಕೊಂಡು ವಾಚಕರೊಡನೆ ವಿಚಾರಿಸಬೇಕೆಂದಿರುವೆವು.

ರಾಯಚೂರು ಸೀಮೆಯು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡು. ದೇವದುರ್ಗ ತಾಲೂಕಿನ ಅಂಚಿನಲ್ಲಿ ಕೃಷ್ಣೆಯು ಹರಿಯುತ್ತಾಳೆ, ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ. ರಾಯಚೂರು ತಾಲೂಕಿಗಂತೂ ಎರಡೂ ನದಿಗಳ ಸಾಮೀಪ್ಯವುಂಟು. ಎರಡು ಮಹಾನದಿಗಳಿದ್ದೂ ಮಳೆ ಕಡಿಮೆಯಾದ ನಾಡಿದು. ಆದಕಾರಣ ಇಲ್ಲಿಯವರು ಬರಗಾಲವನ್ನೂ ನೆರೆಯನ್ನೂ ಕಂಡವರು. 1791-92ರಲ್ಲಿ ದಖ್ಖಣದಲ್ಲಿ ಬಿದ್ದ ಕ್ಷಾಮಕ್ಕೆ, ದಾರಿಯುದ್ದಕ್ಕೂ ತಲೆಬುರುಡೆಗಳು ಬಿದ್ದಿದ್ದವೆಂಬ ಕಾರಣದಿಂದ, ಡೋಗಿ ಬರವೆಂದು ಹೆಸರಾಯಿತು. 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು ನಮ್ಮ ಹಿರಿಯರು ಆ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆದರು. ಒಂದು ಸಂಕಟಕ್ಕೆ ಹೆಸರಿಟ್ಟು ಮೊಮ್ಮಕ್ಕಳಿಗೆ ಹೇಳುವದೂ ಅದನ್ನು ತಾಳಿಕೊಳ್ಳುವ ಒಂದು ಬಗೆಯೇ ಆಗಿದ್ದಿತು.

ನಮ್ಮ ಕಾಲದಲ್ಲಿಯೂ ಆಪತ್ತುಗಳು ಬಾರದೆ ಇಲ್ಲ. 2009ರಲ್ಲಿ ಮುಂಗಾರು ಕೈಕೊಟ್ಟು, ಶ್ರಾವಣದ ವರೆಗೂ ರೈತರು ಮುಗಿಲು ನೋಡುತ್ತ ಕುಳಿತಿದ್ದರು. ವಿಜಯದಶಮಿಯ ಬೆನ್ನಿಗೇ, ಸಪ್ಟೆಂಬರದ ಕೊನೆಗೂ ಅಕ್ಟೋಬರದ ಆರಂಭಕ್ಕೂ ನಡುವೆ ನಾಲ್ಕಾರು ದಿನ ಸುರಿದ ಮಳೆಗೆ ತುಂಗಭದ್ರೆಯು ದಡ ಮೀರಿದಳು. ಆಚೆ ದಡದ ಮಂತ್ರಾಲಯವು ನೀರಿನಲ್ಲಿ ನಿಂತಿತು. ಈಚೆ ದಡದ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಉತ್ತರ ಕರ್ನಾಟಕದಲ್ಲಿ ಆ ಒಂದು ವಾರದೊಳಗೆ ಸತ್ತವರು 200ಕ್ಕೂ ಹೆಚ್ಚು. 2019ರ ಅಗಸ್ಟದಲ್ಲಿ ನಾರಾಯಣಪುರದ ಜಲಾಶಯದಿಂದ ಲಕ್ಷಗಟ್ಟಲೆ ಕ್ಯುಸೆಕ್ಸು ನೀರು ಬಿಟ್ಟಾಗ ದೇವದುರ್ಗ ತಾಲೂಕಿನ ಹೂವಿನಹೆಡಗಿಯ ಸೇತುವೆಯು ಮುಳುಗಿತು. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತವಾದ ನಲ್ಲಿಯ ನೀರು ಕುಡಿದು ಹಲವರು ಹಾಸಿಗೆ ಹಿಡಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2024ರ ಅಗಸ್ಟ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಬಾಗಿಲು ಕಿತ್ತುಹೋದಾಗ ಎಡದಂಡೆ ಕಾಲುವೆಯನ್ನೇ ನಂಬಿದ ಮಾನ್ವಿಯ ರೈತನು ಸುಮಾರು ಒಂದು ವಾರ ನಿದ್ದೆಯಿಲ್ಲದೆ ಕಳೆದನು. ತಾತ್ಕಾಲಿಕವಾದ ಉಕ್ಕಿನ ಹಲಗೆಗಳನ್ನಿಳಿಸಿ ನೀರನ್ನು ತಡೆದರೆಂಬ ಸುದ್ದಿ ಬಂದ ಮೇಲೆಯೇ ಅವನ ಎದೆ ಇಳಿಯಿತು.

ಇವು ಕಣ್ಣಿಗೆ ಕಾಣುವ ಆಪತ್ತುಗಳು. ಸದ್ದಿಲ್ಲದೆ ಬರುವವೂ ಉಂಟು. ಮಳೆಯಿಲ್ಲದ ವರುಷಗಳು, ತೀರದ ಸಾಲ, ಸುಗ್ಗಿ ಮುಗಿಯುತ್ತಲೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವದು, ಇವು ಅಂಥವು. ಗುಳೆ ಹೋದವರ ಮನೆಗಳಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಹೀಗೆ ಹೋದವರು ಕೂಲಿಯಿಲ್ಲದೆ ಊರ ದಾರಿ ಹಿಡಿದರು; ಬಂದವರನ್ನು ಕಂಡು ಊರವರು ರೋಗದ ಭಯದಿಂದ ಹಿಂಜರಿದರು. ತನ್ನ ಊರಿನಲ್ಲಿಯೇ ಪರಕೀಯನಾಗುವದಕ್ಕಿಂತ ಹೆಚ್ಚಿನ ಮನೋವ್ಯಥೆ ಯಾವುದುಂಟು?

ಇಂಥ ಸಮಯದಲ್ಲಿ ಮನಸ್ಸಿಗೆ ಏನಾಗುವದೆಂಬದನ್ನು ಮನೆಯವರು ತಿಳಿದಿರುವದು ಅವಶ್ಯವು. ನಿದ್ದೆ ಬಾರದಿರುವದು, ಸಣ್ಣ ಸಪ್ಪಳಕ್ಕೂ ಬೆಚ್ಚುವದು, ಮೋಡ ಕಟ್ಟಿದರೆ ಎದೆ ಹೊಡೆದುಕೊಳ್ಳುವದು, ಅನ್ನ ರುಚಿಸದಿರುವದು, ನಿಷ್ಕಾರಣವಾಗಿ ಸಿಟ್ಟು ಬರುವದು, ಕಲ್ಲಿನಂತೆ ಸುಮ್ಮನೆ ಕುಳಿತುಬಿಡುವದು – ಇವು ಹುಚ್ಚಿನ ಲಕ್ಷಣಗಳಲ್ಲ. ಅಸಹಜವಾದ ಸಂಗತಿಗೆ ಸಹಜವಾದ ಮನಸ್ಸು ಕೊಡುವ ಉತ್ತರಗಳು. ಬಹುಜನರಲ್ಲಿ ಇವು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುವವೆಂದು ಮನೋವೈದ್ಯರು ಹೇಳುತ್ತಾರೆ. ಆದರೆ ತಾವಾಗಿ ಇಳಿಯುವದಕ್ಕೂ ಅನುಕೂಲವಾದ ನೆಲ ಬೇಕು. ಗಾಯವು ತಾನೇ ಮಾಯುವದು ನಿಜ. ಅದನ್ನು ಮೇಲಿಂದ ಮೇಲೆ ಕೆದರುತ್ತಿದ್ದರೆ ಮಾಯುವದೆಂತು?

ನಾವು ಪ್ರೀತಿಯಿಂದಲೇ ಕೆದರುತ್ತೇವೆ. “ಅಳಬೇಡ” ಎನ್ನುತ್ತೇವೆ, ಅಳು ಒಳಗೇ ಇಂಗುತ್ತದೆ. “ನಿನಗಿಂತ ಹೆಚ್ಚು ಕಳಕೊಂಡವರು ಎಷ್ಟು ಮಂದಿಯಿಲ್ಲ” ಎನ್ನುತ್ತೇವೆ. ಕೇಳಿದವನಿಗೆ ತನ್ನ ದುಃಖವೂ ಅಪರಾಧವೆಂಬಂತಾಗುತ್ತದೆ. “ಎಲ್ಲ ನಮ್ಮ ಪ್ರಾರಬ್ಧ” ಎಂದು ವೇದಾಂತ ಹೇಳುತ್ತೇವೆ. ಆ ಮಾತನ್ನು ದುಃಖಿತನು ತಾನಾಗಿ ಆಡಿದರೆ ಅದು ಅವನಿಗೆ ಬಲವಾದೀತು. ಹೊಟ್ಟೆ ತುಂಬಿದವನು ಹೇಳಿದರೆ ಬರೆಯಾಗುವದು. ಇನ್ನು ಕೆಲವರು ಬಂದವರೆಲ್ಲರ ಮುಂದೆ “ಹೇಗಾಯಿತು, ನೀರು ಎಷ್ಟು ಬಂದಿತ್ತು, ಕೂಸು ಎಲ್ಲಿತ್ತು” ಎಂದು ಆ ರಾತ್ರಿಯ ಕಥೆಯನ್ನು ಹೇಳಿಸುವರು. ಆಪತ್ತು ನಡೆದ ಕೂಡಲೆ ಎಲ್ಲರನ್ನೂ ಕೂಡಿಸಿ ನಡೆದುದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿಯೂ ಕೆಲಕಾಲ ರೂಢಿಯಲ್ಲಿದ್ದಿತು. ಪರೀಕ್ಷಿಸಿ ನೋಡಲಾಗಿ ಅದರಿಂದ ಪ್ರಯೋಜನವು ಕಾಣಲಿಲ್ಲ. ಕೆಲವರಿಗೆ ಕೆಡುಕೂ ಆಗುವದೆಂದು ತಿಳಿದು ತಜ್ಞರು ಅದನ್ನು ಬಿಡಿಸಿದರು.

ಹಾಗಾದರೆ ಮಾಡತಕ್ಕದ್ದೇನು? ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಮನಸ್ಸಿನ ಪ್ರಥಮ ಚಿಕಿತ್ಸೆಯನ್ನು ಕುರಿತು ಒಂದು ಕೈಪಿಡಿಯನ್ನು ಪ್ರಕಟಿಸಿತು. ವೈದ್ಯರಲ್ಲದವರೂ ಮಾಡಬಹುದಾದ ಮೂರು ಕೆಲಸಗಳನ್ನು ಅದು ಹೇಳುತ್ತದೆ: ನೋಡುವದು, ಕೇಳುವದು, ಕೂಡಿಸುವದು. ಮೊದಲು ಯಾರಿಗೆ ಏನು ಬೇಕಾಗಿದೆಯೆಂದು ನೋಡಬೇಕು. ಒದ್ದೆ ಬಟ್ಟೆಯಲ್ಲಿ ನಡುಗುವವಳಿಗೆ ಧೈರ್ಯದ ಮಾತಿಗಿಂತ ಒಣ ಸೀರೆ, ಬಿಸಿ ಚಹ, ಮರೆಯಾದ ಒಂದು ಜಾಗ ಇವು ಮೊದಲು ಬೇಕು. ಎರಡನೆಯದು, ಅವರು ಹೇಳಿದಷ್ಟನ್ನು ಕೇಳುವದು. ಹೇಳದಿದ್ದರೆ ಸುಮ್ಮನೆ ಹತ್ತಿರ ಕುಳಿತುಕೊಳ್ಳುವದು. ಮೂರನೆಯದು, ಅಗಲಿದ ಮಗನೊಡನೆ, ತವರಿನೊಡನೆ, ಆಸ್ಪತ್ರೆಯೊಡನೆ, ತಲಾಟಿಯ ಕಚೇರಿಯೊಡನೆ ಅವರನ್ನು ಕೂಡಿಸಿಕೊಡುವದು. ‘ಸಮಾಧಾನ’ವೆಂಬ ನಮ್ಮ ಶಬ್ದಕ್ಕೂ ಚೆದರಿದ್ದನ್ನು ಒಂದೆಡೆಗೆ ತಂದು ಇರಿಸುವದೆಂದೇ ಮೂಲಾರ್ಥವು. ಆದುದರಿಂದ ಇದು ನಮಗೆ ಹೊಸ ಉಪದೇಶವಲ್ಲ.

ಮಕ್ಕಳ ವಿಷಯದಲ್ಲಿ ಒಂದು ಮಾತು ವಿಶೇಷವಾಗಿ ಹೇಳತಕ್ಕದ್ದಿದೆ. ಮೂವತ್ತು ವರುಷಗಳಿಗೂ ಮಿಕ್ಕಿ ಪಾಠ ಹೇಳಿದ ನಾವು ಕಂಡದ್ದೇನೆಂದರೆ, ಮಕ್ಕಳಿಗೆ ದಿನಚರಿಯೇ ದೊಡ್ಡ ಔಷಧವು. ನೆರೆಯ ಕಾಲದಲ್ಲಿ ಶಾಲೆಗಳನ್ನು ಆಸರೆಯ ತಾಣಗಳನ್ನಾಗಿ ಮಾಡುವದು ಅನಿವಾರ್ಯವಾಗುವದು. ಆದರೂ ಮರದ ನೆರಳಲ್ಲಾದರೂ ಬೇಗನೆ ತರಗತಿ ನಡೆಯಬೇಕು. ಗಂಟೆ ಬಾರಿಸುವದು, ಹಾಜರಿ ಹೇಳುವದು, ಮಗ್ಗಿ ಒಪ್ಪಿಸುವದು, ಮಧ್ಯಾಹ್ನದ ಊಟ – ಇವು ಜಗತ್ತು ಇನ್ನೂ ಸ್ಥಾನದಲ್ಲಿದೆಯೆಂದು ಮಗುವಿಗೆ ಹೇಳುವವು. ಹುಡುಗರು ಮಣ್ಣಿನಲ್ಲಿ ಊರು ಕಟ್ಟಿ ಅದರ ಮೇಲೆ ನೀರು ಸುರಿದು “ಹೊಳೆ ಬಂತು, ಓಡ್ರೋ” ಎಂದು ಆಡುತ್ತಿದ್ದರೆ ಅಪಶಕುನವೆಂದು ಗದರಿಸಬಾರದು. ಬಾಯಿಂದ ಹೇಳಲಾರದ ಭಯವನ್ನು ಅವರು ಕೈಯಿಂದ ಹೇಳುತ್ತಿರುವರು. ದೊಡ್ಡವರಿಗೂ ಇದೇ ನ್ಯಾಯವು. ಒಲೆ ಹೊತ್ತಿಸುವ, ಗೋಡೆ ಎತ್ತುವ, ದನ ಹುಡುಕುವ ಕೆಲಸದಲ್ಲಿ ಸಂಕಟಕ್ಕೊಳಗಾದವರ ಕೈಯೂ ಇರಬೇಕು. ಎಲ್ಲವನ್ನೂ ಪರರೇ ಮಾಡಿಕೊಟ್ಟರೆ ಅವರು ತಮ್ಮನ್ನು ನಿರುಪಯೋಗಿಗಳೆಂದು ಭಾವಿಸುವರು.

ಇದಕ್ಕಿಂತಲೂ ಮುಖ್ಯವಾದದ್ದು ನೆರೆಹೊರೆ. 1995ರ ಜುಲೈಯಲ್ಲಿ ಅಮೇರಿಕೆಯ ಶಿಕಾಗೋ ನಗರದಲ್ಲಿ ಉರಿಬಿಸಿಲಿನಿಂದ 700ಕ್ಕೂ ಹೆಚ್ಚು ಜನರು ಸತ್ತರು. ಸತ್ತವರಲ್ಲಿ ಬಹಳ ಮಂದಿ ಕೋಣೆಯಲ್ಲಿ ಒಬ್ಬಂಟಿಗರಾಗಿದ್ದ ವೃದ್ಧರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ವಿಚಾರಿಸಿ ನೋಡಿದಾಗ, ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಬಡ ಓಣಿಗಳಲ್ಲಿ ಒಂದರಲ್ಲಿ ಸಾವು ಬಹಳ, ಇನ್ನೊಂದರಲ್ಲಿ ಸ್ವಲ್ಪವೇ ಆಗಿದ್ದಿತು. ಎರಡನೆಯದರಲ್ಲಿ ಅಂಗಡಿಗಳಿದ್ದವು, ಬೀದಿಯಲ್ಲಿ ಓಡಾಟವಿತ್ತು, ಮುದುಕರು ಹೊರಗೆ ಬಂದು ನಾಲ್ಕು ಜನರ ಕಣ್ಣಿಗೆ ಬೀಳುತ್ತಿದ್ದರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಬೇಯುವ ನಮ್ಮ ರಾಯಚೂರಿನವರು ಇದನ್ನು ನೆನಪಿನಲ್ಲಿಡತಕ್ಕದ್ದು. ಬೆಳಗಿನಿಂದ ಬಾಗಿಲು ತೆರೆಯದ ಮನೆಯ ಮುಂದೆ ನಿಂತು “ಯಜ್ಜೀ, ಅದೀಯೇನವ್ವಾ?” ಎಂದು ಕೂಗುವದು ಒಂದು ಪ್ರಾಣವನ್ನೇ ಉಳಿಸೀತು.

2009ರ ನೆರೆಯ ತರುವಾಯ ಸರಕಾರವು ದಾನಿಗಳ ನೆರವಿನಿಂದ ‘ಆಸರೆ’ ಎಂಬ ಹೆಸರಿನಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಯೋಜನೆಗೆ ಇಟ್ಟ ಹೆಸರು ಸುಂದರವಾದದ್ದು. ಕಟ್ಟಿದ ಮನೆಗಳಿಗೂ ಕೃತಜ್ಞರಾಗಿರಬೇಕು. ಆದರೆ ಹಲವು ಕಡೆ ಮನೆಗಳು ಬಹುಕಾಲ ಬರಿದಾಗಿಯೇ ಉಳಿದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ನೀರು ದೀಪಗಳು ತಡವಾದವು ಎಂಬ ಕಾರಣಗಳು ಕೇಳಿಬಂದವು. ಇವುಗಳೊಡನೆ ಇನ್ನೊಂದನ್ನೂ ಎಣಿಸಬೇಕು. ಅಗಸೆಯ ಕಟ್ಟೆ, ಒಂದೇ ಗೋಡೆಯ ಆಚೆ ಈಚೆ ಇರುವ ಓಣಿಯವರು, ಸಂಜೆಯ ಭಜನೆ – ಇವನ್ನು ಇಂಜಿನಿಯರರ ನಕಾಶೆಯಲ್ಲಿ ಯಾರು ಬರೆಯಬೇಕು? ಊರನ್ನು ಸ್ಥಳಾಂತರಿಸುವಾಗ ಹಳೆಯ ನೆರೆಯವರನ್ನು ನೆರೆಯವರಾಗಿಯೇ ಇರಿಸುವದು ಖರ್ಚಿಲ್ಲದ ಉಪಕಾರವು. ಹಬ್ಬಗಳನ್ನು ಬಿಡದಿರುವದೂ ಹಾಗೆಯೇ. ಮುಂಗಾರಿನ ಬಾಗಿಲಲ್ಲಿ ಕಾರಹುಣ್ಣಿಮೆಯ ದಿನ ರಾಯಚೂರಿನಲ್ಲಿ ಎತ್ತುಗಳಿಂದ ಭಾರವಾದ ಕಲ್ಲುಗಳನ್ನು ಎಳೆಸುವರು. ಮೊಹರಮಿನಲ್ಲಿ ನಮ್ಮ ಹಳ್ಳಿಗಳ ಹಿಂದುಗಳೂ ಮುಸಲ್ಮಾನರೂ ಕೂಡಿಯೇ ಅಲಾಯಿ ಕುಣಿಯುವರು. ಕೆಟ್ಟ ವರುಷದಲ್ಲಿಯೂ ಇವು ನಡೆದರೆ ದುಡ್ಡು ದಂಡವಾಯಿತೆಂದು ಎಣಿಸಬಾರದು. ಹಬ್ಬದಲ್ಲಿ ಕೂಡಿದವರು ನೆರೆಯಲ್ಲಿಯೂ ಒಬ್ಬರಿಗೊಬ್ಬರು ಕೈ ಕೊಡುವರು.

ನೆರೆಯವರ ಪ್ರೀತಿಯೊಂದೇ ಸಾಲದ ಸಂದರ್ಭಗಳೂ ಉಂಟು. ತಿಂಗಳು ಕಳೆದರೂ ನಿದ್ದೆ ಅನ್ನಗಳು ಹತ್ತದಿದ್ದರೆ, ಕುಡಿತವು ಬೆಳೆದರೆ, ಕೆಲಸಕ್ಕೆ ಏಳಲಾರದೆ ಹೋದರೆ ವೈದ್ಯರ ಬಳಿಗೆ ಹೋಗತಕ್ಕದ್ದು. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಹಳ್ಳಿಯ ಆಸ್ಪತ್ರೆಗಳ ಸಾಮಾನ್ಯ ವೈದ್ಯರಿಗೆ ಮನೋರೋಗದ ಚಿಕಿತ್ಸೆಯನ್ನು ಕಲಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. 2022ರ ಅಕ್ಟೋಬರದಿಂದ 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ. ಮನೆಯಲ್ಲಿ ಯಾರಾದರೂ “ಇನ್ನು ಬದುಕಿ ಏನು ಫಲ” ಎಂದರೆ ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕದೆ, ಸಾಯುವ ವಿಚಾರ ಬಂದಿದೆಯೇ ಎಂದು ಮೆಲ್ಲನೆ ನೇರವಾಗಿಯೇ ಕೇಳಬೇಕು. ಕೇಳುವದರಿಂದ ಇಲ್ಲದ ವಿಚಾರವು ತಲೆಗೆ ಹೊಗುವದಿಲ್ಲ. ಹೊತ್ತವನ ಭಾರವು ಇಳಿಯುವದು. ಅಂಥವರನ್ನು ಒಂಟಿಯಾಗಿ ಬಿಡಬಾರದು. ಹತ್ತಿ ಮೆಣಸಿನಕಾಯಿ ಬೆಳೆಯುವ ನಮ್ಮ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಔಷಧವು ಕೈಗೆಟುಕದಂತೆ ಮನೆಯ ಹೊರಗೆ ಬೀಗದಲ್ಲಿರಲಿ. ಶ್ರೀಲಂಕೆಯವರು ಅತಿ ವಿಷಕಾರಿಯಾದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ, 1995ರಿಂದ ಎರಡು ದಶಕಗಳಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣವು ನೂರಕ್ಕೆ 70ರಷ್ಟು ಇಳಿಯಿತು. ಆ ಒಂದು ಕೆಟ್ಟ ಗಳಿಗೆಯನ್ನು ದಾಟಿಸಿದರೆ ಮನುಷ್ಯನು ಬದುಕುವನೆಂಬದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಕೊನೆಯದಾಗಿ ಒಂದು ಎಚ್ಚರಿಕೆ. ನಮ್ಮ ಜನರು ಎಲ್ಲವನ್ನೂ ತಾಳಿಕೊಳ್ಳುವ ಗಟ್ಟಿಗರೆಂದು ಹೊಗಳಿ ಕೈಬಿಡುವದು ಆಶ್ವಾಸನವಲ್ಲ. ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿಯೇ ದೇವದುರ್ಗ ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತು. ಸಕಾಲಕ್ಕೆ ಬಂದ ಪರಿಹಾರದ ಹಣ, ಕಾಲುವೆಯ ಕೊನೆಯ ಹೊಲಕ್ಕೂ ತಲುಪಿದ ನೀರು, ಶುದ್ಧವಾದ ನಲ್ಲಿ, ಊರಲ್ಲಿಯೇ ದೊರೆತ ಕೂಲಿ – ಇವೂ ಮನಸ್ಸಿನ ಔಷಧಗಳೇ. ಇವನ್ನು ಕೇಳಿ ಪಡೆಯುವದು ಅಧೈರ್ಯವಲ್ಲ. ‘ಧೃತಿ’ಯೆಂದರೆ ಹಿಡಿದಿರುವದು, ಕಾಲಿಗೆ ನೆಲವಿದ್ದರಲ್ಲವೆ ಕೈ ಹಿಡಿದೀತು?

ಮುಂದಿನ ಮಳೆಗಾಲಕ್ಕೆ ಮುಂಚೆಯೇ ವಾಚಕರು ತಮ್ಮ ಓಣಿಯಲ್ಲಿ ಒಬ್ಬಂಟಿಗರಾಗಿರುವವರು ಯಾರು, ಗುಳೆ ಹೋದವರ ಮಕ್ಕಳು ಯಾರ ಮನೆಯಲ್ಲಿದ್ದಾರೆ ಎಂಬದನ್ನು ತಿಳಿದುಕೊಳ್ಳಲಿ; ಆ ಮನೆಗಳಿಗೆ ವಾರಕ್ಕೊಮ್ಮೆಯಾದರೂ ಹೋಗಿ ಬರಲಿ. ಹೊಳೆ ಬಂದ ರಾತ್ರಿ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಯಾರಿಗೂ ಸಮಯವಿರುವದಿಲ್ಲ. ಎಲ್ಲರ ಮನೆಗಳಲ್ಲಿಯೂ ದೀಪವು ನಿಶ್ಚಲವಾಗಿ ಉರಿಯಲೆಂದು ಹಾರೈಸಿ ಲೇಖನವನ್ನು ಮುಗಿಸುವೆವು.